ಹಳೇ ಜೀಪಿನ ಹಿಂದಿನ ಸೀಟು: ಅಸಲಿ ಯಾವುದು, ನಕಲಿ ಯಾವುದು?

ಹೊಸೂರು: 'ಹಳೇ ಕಬ್ಬಿಣ', 'ಪಳೈಯ ಇರುಂಬು' ಎಂದು ಎರಡೂ ಭಾಷೆಯಲ್ಲಿ ಕೂಗುತ್ತ ಬರುವ ಗುಜರಿ ಗಾಡಿಗೆ ತುಕ್ಕು ಹಿಡಿದ ಸೀಟಿನ ಚೌಕಟ್ಟನ್ನು ತೂಕಕ್ಕೆ ಹಾಕುವ ಮುನ್ನ ಒಂದು ನಿಮಿಷ ತಡೆಯಿರಿ. ಅದು ನಿಮ್ಮ ತಾತನ ಕಾಲದ ಜೀಪಿನ ಹಿಂದಿನ ಸೀಟೇ ಆಗಿರಬಹುದು!

ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಮಣ್ಣು ರಸ್ತೆಗಳಲ್ಲಿ ಜೀಪು ಶೋಕಿಯ ವಾಹನವಲ್ಲ, ದುಡಿಯುವ ಎತ್ತು. ರಾಗಿ ಮೂಟೆ, ಹುಣಸೆಹಣ್ಣು, ಮಾವಿನ ಕ್ರೇಟು ಹೇರಲು ಜಾಗ ಬೇಕಾದಾಗ ಮೊದಲು ಕಳಚಿ ಅಟ್ಟಕ್ಕೋ ಕೊಟ್ಟಿಗೆಗೋ ಹೋಗುವುದು ಹಿಂದಿನ ಸೀಟು. ವರ್ಷಗಳು ಉರುಳಿದ ಮೇಲೆ ಜೀಪು ಉಳಿದಿರುತ್ತದೆ, ಸೀಟು ಎಲ್ಲಿಟ್ಟೆವೆಂದು ಯಾರಿಗೂ ನೆನಪಿರುವುದಿಲ್ಲ. ಹಳೇ ಜೀಪು ಹುಡುಕಿಕೊಂಡು ಬೆಂಗಳೂರಿನಿಂದ ಬರುವ ಗಿರಾಕಿ ಮಾತ್ರ ಮೊದಲು ಕೇಳುವುದೇ ಅದನ್ನು. ಇಲ್ಲವೆಂದರೆ ಬೆಲೆ ಇಳಿಸುತ್ತಾನೆ. ಇನ್ನೊಂದು ಕಡೆ, 'ಮಿಲಿಟರಿ ಒರಿಜಿನಲ್' ಎಂದು ಹಸಿರು ಬಣ್ಣ ಬಳಿದ ಹೊಸ ಸೀಟಿಗೆ ಮೂರು ಪಟ್ಟು ಹಣ ಕೊಟ್ಟು ಬರುವವರೂ ಇದ್ದಾರೆ.

ಸೀಟು ಅಸಲಿಯೇ ಎಂದು ಕೇಳುವ ಮೊದಲು ಜೀಪು ಯಾವುದೆಂದು ತಿಳಿಯಬೇಕು. ನಮ್ಮಲ್ಲಿ ಹಳೆಯದೆಲ್ಲವೂ 'ವಿಲ್ಲೀಸ್' ಆಗಿಬಿಡುತ್ತದೆ. 1941ರಿಂದ 1945ರವರೆಗೆ ಅಮೆರಿಕದಲ್ಲಿ ಯುದ್ಧಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯ ಸುಮಾರು 6 ಲಕ್ಷ 40 ಸಾವಿರ ಜೀಪು ಮಾಡಿದವು. ವಿಲ್ಲೀಸ್‌ನದು ಎಂ.ಬಿ., ಫೋರ್ಡ್‌ನದು ಜಿ.ಪಿ.ಡಬ್ಲ್ಯು. ಯುದ್ಧ ಮುಗಿದ ಮೇಲೆ ರೈತರಿಗೆಂದು ಬಂದದ್ದು ಸಿ.ಜೆ. ಸರಣಿ. 1945ರಲ್ಲಿ ಹುಟ್ಟಿದ ಕಂಪನಿಯೇ ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಆಗಿ, ವಿಲ್ಲೀಸ್ ಜೀಪನ್ನು ಮುಂಬೈಯಲ್ಲಿ ಜೋಡಿಸಲು ತೊಡಗಿತು. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಎತ್ತರದ ಬಾನೆಟ್ಟಿನ ಜೀಪು ಇದೇ ವಂಶದ ಸಿ.ಜೆ. 3ಬಿ.

ಗುರುತಿಸುವುದು ಸುಲಭ. ಮುಂಭಾಗದ ಜಾಲರಿಯ ಸೀಳುಗಳನ್ನು ಎಣಿಸಿ. ಒತ್ತಿ ಮಾಡಿದ ತಗಡಿನ ಜಾಲರಿಯಲ್ಲಿ ಒಂಬತ್ತಿದ್ದರೆ ಯುದ್ಧಕಾಲದ್ದು, ಏಳಿದ್ದರೆ ಸಿ.ಜೆ. ಯುದ್ಧಕಾಲದ ಜೀಪಿಗೆ ಹಿಂದೆ ತೆರೆಯುವ ಬಾಗಿಲು ಇರಲಿಲ್ಲ. ಹಿಂಭಾಗದ ಎರಡೂ ಮೂಲೆಗಳಲ್ಲಿ ಮುಚ್ಚಳವಿರುವ ಚಿಕ್ಕ ಸಲಕರಣೆ ಪೆಟ್ಟಿಗೆಗಳಿದ್ದವು.

ಇನ್ನು ಸೀಟಿನ ವಿಷಯ. ಯುದ್ಧಕಾಲದ ಜೀಪಿನ ಹಿಂದಿನ ಸೀಟು ಒಂದೇ ಬೆಂಚು. ಎರಡು ಚಕ್ರದ ಗೂಡುಗಳ ನಡುವೆ ಅಡ್ಡಲಾಗಿ, ಮುಂದಕ್ಕೆ ಮುಖ ಮಾಡಿ, ಇಬ್ಬರು ಕೂರುವಂತೆ ಇರುತ್ತದೆ. ಬಾಗಿಸಿದ ಕೊಳವೆಯ ಚೌಕಟ್ಟು, ಸಾಮಾನು ಹೇರುವಾಗ ಮಡಚುವ ಅನುಕೂಲ, ಮೇಲೆ ಕ್ಯಾನ್ವಾಸ್ ಹೊದಿಕೆ. ಸಿ.ಜೆ.ಯ ಕತೆ ಬೇರೆ. 1945ರಲ್ಲಿ ಬಂದ ಸಿ.ಜೆ. 2ಎ ಜೀಪಿಗೆ ಕಂಪನಿ ಕೊಡುತ್ತಿದ್ದುದು ಡ್ರೈವರ್ ಸೀಟು ಮಾತ್ರ. ಹಿಂದಿನ ಸೀಟು ಬೇಕೆಂದವರು ಬೇರೆ ದುಡ್ಡು ಕೊಡಬೇಕಿತ್ತು. ಹಾಗಾಗಿ ಅಂಥ ಜೀಪಿನಲ್ಲಿ ಹಿಂದಿನ ಸೀಟು ಇಲ್ಲದಿರುವುದೂ ಅಸಲಿಯೇ. ಬೆಲೆ ಇಳಿಸುವ ಗಿರಾಕಿಗೆ ಇದನ್ನು ಹೇಳಿ ನೋಡಿ.

ಹಾಗಾದರೆ ಎದುರುಬದುರು ಕೂರುವ ಉದ್ದ ಬೆಂಚುಗಳು? ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಸಂತೆಗೆ ಹೋದವರಿಗೆ ಜೀಪೆಂದರೆ ಅದೇ ನೆನಪು. ಉದ್ದ ಜೀಪುಗಳಿಗೆ ಅವು ಸಹಜ. 80 ಇಂಚಿನ ವೀಲ್‌ಬೇಸಿನ ಯುದ್ಧಕಾಲದ ಜೀಪಿನಲ್ಲಿ ಅವು ಕಂಡರೆ ಬಾಡಿ ಕಟ್ಟುವವರ ಕೈಕೆಲಸ ಎಂದೇ ತಿಳಿಯಿರಿ. ಫಿಲಿಪ್ಪೀನ್ಸ್‌ನಲ್ಲೂ ಇದೇ ಆಯಿತು. ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಎದುರುಬದುರು ಬೆಂಚು ಹಾಕಿ, 'ಜೀಪ್ನಿ' ಎಂಬ ಬಾಡಿಗೆ ವಾಹನ ಮಾಡಿಕೊಂಡರು.

ಪರೀಕ್ಷೆ ಮಾಡುವಾಗ ಬಟ್ಟೆ, ದಿಂಬು ನೋಡಿ ಮೋಸಹೋಗಬೇಡಿ. ಹೊದಿಕೆ ಎಷ್ಟೋ ಸಲ ಬದಲಾಗಿರುತ್ತದೆ. ಒಳಗೆ ಫೋಮ್ ಇದೆ ಎಂದು ಸೀಟನ್ನೇ ನಕಲಿ ಎನ್ನಲಾಗದು, ರೆಕ್ಸಿನ್ ಹಳೆಯದೆಂದು ಅಸಲಿಯೂ ಆಗದು. ನೋಡಬೇಕಾದ್ದು ಕಬ್ಬಿಣವನ್ನು. ಚೌಕ ಪೈಪು ಅಥವಾ ಆಂಗಲ್‌ನಿಂದ ಮಾಡಿದ್ದರೆ ಮಾತೇ ಬೇಡ, ಅದು ಊರಿನ ವೆಲ್ಡಿಂಗ್ ಅಂಗಡಿಯದು. ಕೊಳವೆಯದಾದರೆ ಬೆಸುಗೆ ನೋಡಿ. ಉಂಡೆ ಉಂಡೆಯಾಗಿ ಕೂತ ಆರ್ಕ್ ವೆಲ್ಡಿಂಗ್ ಆಮೇಲಿನದು. ಆದರೆ ಮುರಿದ ಅಸಲಿ ಸೀಟಿಗೂ ಅಂಥ ತೇಪೆ ಬಿದ್ದಿರಬಹುದು, ಅದಕ್ಕೇ ತೇಪೆಯಿಲ್ಲದ ಜಾಗದಲ್ಲೂ ನೋಡಬೇಕು. ಬಣ್ಣವನ್ನು ಕಣ್ಣಿಗೆ ಬೀಳದ ಕಡೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಹಳೆಯದಾದರೆ ಪದರದ ಮೇಲೆ ಪದರ ಸಿಗುತ್ತದೆ. ಒಂದೇ ಪದರ ಹಸಿರು, ಅದರಡಿ ಹೊಳೆಯುವ ಪೈಪು ಇದ್ದರೆ ಅನುಮಾನಪಡಿ.

ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ತೂತುಗಳು. ಅಸಲಿ ಸೀಟು ಚಕ್ರದ ಗೂಡಿನ ಬಳಿಯ ಹಳೇ ಹಿಡಿಕೆಗಳಿಗೆ ಹೊಸ ತೂತು ಕೊರೆಯದೆ ಕೂರಬೇಕು. ಕೊಳ್ಳುವ ಮುಂಚೆ ಅಳತೆ ಬರೆದುಕೊಂಡು ಹೋಗಿ. ಸಾಧ್ಯವಾದರೆ ಜೀಪನ್ನೇ ಒಯ್ಯಿರಿ. ಬೋಲ್ಟುಗಳೂ ಸುಳಿವು ಕೊಡುತ್ತವೆ. ಯುದ್ಧಕಾಲದವು ಇಂಚಿನ ಅಳತೆಯವು. 9/16 ಇಂಚಿನ ತಲೆಗೆ 14ರ ಸ್ಪ್ಯಾನರ್ ಹೋಗದು, 15ರದು ಸಡಿಲ. ಅರ್ಧ ಇಂಚಿನದಕ್ಕೆ 13ರದು ಹೆಚ್ಚುಕಡಿಮೆ ಹಿಡಿಯುವುದರಿಂದ ಅದನ್ನು ಲೆಕ್ಕಕ್ಕೆ ಇಡಬೇಡಿ. ಫೋರ್ಡ್ ತನ್ನ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, 'ಎಫ್' ಅಕ್ಷರ ಒತ್ತುತ್ತಿತ್ತು. ವಿಲ್ಲೀಸ್ ಜೀಪಿನಲ್ಲಿ ಎಫ್ ಗುರುತು ಸಿಕ್ಕಿದರೆ ಗಾಬರಿ ಬೇಡ. ಎರಡರ ಭಾಗಗಳೂ ಅದಲುಬದಲಾಗುವಂತೆಯೇ ಮಾಡಿದ್ದರು, ಸೈನ್ಯದ ರಿಪೇರಿಯಲ್ಲಿ ಬೆರೆತೂ ಹೋದವು.

ಸೀಟು ಕೂರಿಸುವ ಮುನ್ನ ಆರ್.ಸಿ. ಪುಸ್ತಕ ತೆಗೆದು ಎಷ್ಟು ಜನರ ಸೀಟು ಎಂದು ಬರೆದಿದೆ ನೋಡಿ. ಬೆಂಚು ಹಾಕಿ ಜನ ಹೆಚ್ಚಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ತೊಂದರೆ ಬರಬಹುದು. ಕಂಪನಿ ನಮೂದಿಸಿದ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. 50 ವರ್ಷ ದಾಟಿದ ಜೀಪನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರ ನಿಯಮದಲ್ಲಿ ಅವಕಾಶವಿದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಛಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಎಂಬುದು ಷರತ್ತು. ಅದರಲ್ಲಿ ಸೀಟಿನ ಹೆಸರಿಲ್ಲ ನಿಜ. ಆದರೆ ಬೆಂಚಿಗಾಗಿ ಚಕ್ರದ ಗೂಡನ್ನೇ ಕತ್ತರಿಸಿದ್ದರೆ ಬಾಡಿಗೇ ಕೈಹಾಕಿದಂತೆ. ವಿಂಟೇಜ್ ಆದ ಮೇಲೆ ಆ ಜೀಪಿನಲ್ಲಿ ಬಾಡಿಗೆ ಹೊಡೆಯುವಂತಿಲ್ಲ, ದಿನನಿತ್ಯದ ಓಡಾಟವೂ ಇಲ್ಲ. ರಾಗಿ ಮೂಟೆ ಹೊರುವ ಜೀಪಿನವರು ಮೊದಲು ಇದನ್ನು ಯೋಚಿಸಲಿ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಸೀಟು ಹುಡುಕಿಕೊಂಡು ಹೋಗುವವರು ಅದಕ್ಕೆ ಮುಂಚೆ ಒಮ್ಮೆ ಮನೆಯ ಅಟ್ಟ ಹತ್ತಿ ನೋಡುವುದು ಒಳ್ಳೆಯದು. ಕೋಳಿ ಗೂಡಿನ ಮೇಲೆ ಅಡ್ಡ ಹಾಕಿರುವ ಪೈಪನ್ನೂ.