ಎತ್ತದ ಬೆರಳು

ಸಂಕ್ರಾಂತಿ ಕಳೆದು ತಂಬಾಕಿನ ಹೊಲಗಳು ಬರಿದಾದವೆಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ ಸೀಮೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟುಗಳ ಕಾಲ. ಕೆ.ಆರ್. ನಗರದ ಕಡೆ ಕೊಯ್ಲು ಮುಗಿದ ಗದ್ದೆಬಯಲು, ಎಚ್.ಡಿ. ಕೋಟೆಯ ಕಡೆ ಶಾಲೆಯ ಮೈದಾನ. ಮೂರು ಕೋಲು ನೆಟ್ಟಲ್ಲಿ ಆಟ. ನಾನು ಆಡುತ್ತಿದ್ದ ದಿನಗಳಲ್ಲಿ ಈ ಪಂದ್ಯಗಳಿಗೆ ಎಲ್‌ಬಿಡಬ್ಲ್ಯು ನಿಯಮವೇ ಇರಲಿಲ್ಲ. ಕಾರಣ ಸರಳ. ಬ್ಯಾಟಿಂಗ್ ಮಾಡುವ ತಂಡದವನೇ ಅಂಪೈರ್ ಆಗಿ ನಿಲ್ಲುತ್ತಿದ್ದ. ತನ್ನವನ ಕಾಲಿಗೆ ಚೆಂಡು ಬಡಿದಾಗ ಬೆರಳೆತ್ತುವಷ್ಟು ನಿಷ್ಠುರತೆಯನ್ನು ಯಾರಿಂದಲೂ ನಿರೀಕ್ಷಿಸಬಾರದೆಂಬ ವಿವೇಕ ಹಳ್ಳಿಯ ಹುಡುಗರಲ್ಲಿತ್ತು.

ಆ ವಿವೇಕ ಅಭಿಮಾನಿಗಳಾದ ನಮ್ಮಲ್ಲಿ ಇದೆಯೇ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ.

2008ರ ಜನವರಿಯ ಸಿಡ್ನಿ ಟೆಸ್ಟ್ ಅನ್ನು ನನ್ನ ತಲೆಮಾರಿನ ಯಾರೂ ಮರೆತಿಲ್ಲ. 30 ರನ್ ಗಳಿಸಿದ್ದ ಆಂಡ್ರ್ಯೂ ಸೈಮಂಡ್ಸ್ ಬ್ಯಾಟಿಗೆ ತಾಗಿದ ಚೆಂಡು ಕೀಪರ್ ಕೈ ಸೇರಿದರೂ ಸ್ಟೀವ್ ಬಕ್ನರ್ ಬೆರಳು ಮೇಲೇಳಲಿಲ್ಲ. ಸೈಮಂಡ್ಸ್ 162 ರನ್ ಗಳಿಸಿ ಅಜೇಯರಾಗಿ ಉಳಿದರು. ಕೊನೆಯ ದಿನ ನಮ್ಮ ರಾಹುಲ್ ದ್ರಾವಿಡ್ ಪ್ಯಾಡಿಗೆ ತಾಗಿದ ಚೆಂಡಿಗೆ ಕ್ಯಾಚ್ ಔಟ್ ಎಂಬ ತೀರ್ಪು ಪಡೆದು ತಲೆ ತಗ್ಗಿಸಿ ಹೊರನಡೆದರು. ಭಾರತ 122 ರನ್‌ಗಳಿಂದ ಸೋತಿತು. ಮುಂದಿನ ಪರ್ತ್ ಟೆಸ್ಟಿನಿಂದ ಬಕ್ನರ್ ಅವರನ್ನು ಕೈಬಿಡಲಾಯಿತು. ಆ ಪಂದ್ಯದಲ್ಲಿ ನಾಯಕ ಅನಿಲ್ ಕುಂಬ್ಳೆ ತಮ್ಮ 600ನೇ ವಿಕೆಟ್ ಪಡೆದರು. ಔಟಾದವರು ಅದೇ ಸೈಮಂಡ್ಸ್, ಕ್ಯಾಚ್ ಹಿಡಿದವರು ಅದೇ ದ್ರಾವಿಡ್! ಭಾರತ 72 ರನ್‌ಗಳಿಂದ ಗೆದ್ದಾಗ ನ್ಯಾಯ ದೊರಕಿತೆಂದು ಊರಿನ ಹೋಟೆಲಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದವನು ನಾನೇ.

ಇಷ್ಟೇ ಸ್ಪಷ್ಟವಾಗಿ ನೆನಪಿರಬೇಕಾದ ಇನ್ನೊಂದು ದಿನವಿದೆ. 1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. ವಿಕೆಟ್ ನಷ್ಟವಿಲ್ಲದೆ 101 ರನ್ ಗಳಿಸಿದ್ದ ಪಾಕಿಸ್ತಾನ 207ಕ್ಕೆ ಮುಗಿಯಿತು. ಕುಂಬ್ಳೆ 74 ರನ್‌ಗಳಿಗೆ ಹತ್ತಕ್ಕೆ ಹತ್ತೂ ವಿಕೆಟ್ ಪಡೆದರು. ಒಂಬತ್ತು ವಿಕೆಟ್ ಆದ ಮೇಲೆ ಗೆಳೆಯನ ದಾಖಲೆ ಕೆಡದಿರಲೆಂದು ಮೈಸೂರಿನ ಜಾವಗಲ್ ಶ್ರೀನಾಥ್ ಇನ್ನೊಂದು ತುದಿಯಿಂದ ಚೆಂಡನ್ನು ಬೇಕೆಂದೇ ದೂರಕ್ಕೆ ಎಸೆದದ್ದನ್ನು ನಾವು ಮಕ್ಕಳಿಗೆ ಪುರಾಣದಂತೆ ಹೇಳುತ್ತೇವೆ.

ಹೇಳದೆ ಬಿಡುವ ಸಂಗತಿಯೊಂದಿದೆ. ಆ ಹತ್ತರಲ್ಲಿ ಮೊದಲನೆಯದು ಶಾಹಿದ್ ಅಫ್ರಿದಿ ಅವರದು, ಕೀಪರ್‌ಗೆ ಕ್ಯಾಚ್. ಚೆಂಡು ಬ್ಯಾಟಿಗೆ ತಾಗಿಲ್ಲವೆಂಬ ಅತೃಪ್ತಿಯನ್ನು ಅವರು ಅಡಗಿಸಲಿಲ್ಲ. ಹತ್ತು ಬಾರಿಯೂ ಕುಂಬ್ಳೆ ಅವರ ತುದಿಯಲ್ಲಿ ನಿಂತಿದ್ದ ಅಂಪೈರ್ ಎ.ವಿ. ಜಯಪ್ರಕಾಶ್, ಕರ್ನಾಟಕದ ಪರ ಆಡಿದ್ದವರು. ಟೆಸ್ಟ್ ಪಂದ್ಯಗಳಲ್ಲಿ ಇಬ್ಬರು ಅಂಪೈರ್‌ಗಳ ಪೈಕಿ ಒಬ್ಬರು ಆತಿಥೇಯ ದೇಶದವರಾಗಿದ್ದ ಕಾಲವದು. ಜಯಪ್ರಕಾಶರ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಕುಂಬ್ಳೆ ಸಾಧನೆ ಅದರಿಂದ ಕಿರಿದಾಗುವುದೂ ಇಲ್ಲ. ಸಂಶಯವಿರುವುದು ನನ್ನ ಬಗ್ಗೆ. ಪಾಕಿಸ್ತಾನದ ಬೌಲರೊಬ್ಬ ಲಾಹೋರಿನಲ್ಲಿ ಹತ್ತು ವಿಕೆಟ್ ಪಡೆದು, ಅಲ್ಲಿನವರೇ ಅಂಪೈರ್ ಆಗಿದ್ದಿದ್ದರೆ ನಾನು ಏನೆನ್ನುತ್ತಿದ್ದೆ?

ಉತ್ತರ ಎರಡೇ ವಾರಗಳಲ್ಲಿ ಕೋಲ್ಕತ್ತದಲ್ಲಿ ಸಿಕ್ಕಿತು. ಓಟದ ನಡುವೆ ಶೋಯಬ್ ಅಖ್ತರ್‌ಗೆ ಡಿಕ್ಕಿಯಾಗಿ ಸಚಿನ್ ತೆಂಡೂಲ್ಕರ್ ರನೌಟ್ ಆದರು. ನಿಯಮದ ಪ್ರಕಾರ ಅದು ಔಟ್. ಆದರೂ ಈಡನ್ ಗಾರ್ಡನ್ಸ್ ಕೆರಳಿತು. ಕಡೆಗೆ ಪ್ರೇಕ್ಷಕರನ್ನು ಹೊರಗಟ್ಟಿ ಖಾಲಿ ಕ್ರೀಡಾಂಗಣದಲ್ಲಿ ಆಟ ಮುಗಿಸಬೇಕಾಯಿತು. ಆ ಪಂದ್ಯದಲ್ಲಿ ಶ್ರೀನಾಥ್ 13 ವಿಕೆಟ್ ಪಡೆದಿದ್ದರು. ಅವರ ಬದುಕಿನ ಅತಿ ಶ್ರೇಷ್ಠ ಬೌಲಿಂಗ್ ನಮ್ಮ ರೋಷದಲ್ಲಿ ಮುಳುಗಿಹೋಯಿತು. ಅಂಪೈರ್ ಮೇಲಿನ ಕೋಪ ಎದುರಾಳಿಗಿಂತ ಮೊದಲು ನಮ್ಮವರ ಆಟವನ್ನೇ ಮರೆಸುತ್ತದೆ.

ಇದಕ್ಕೆ ಮದ್ದು ತಂತ್ರಜ್ಞಾನವೇ? ಸಿಡ್ನಿಯ ಕಹಿ ಆರುವ ಮುನ್ನ, 2008ರ ಜುಲೈನಲ್ಲಿ, ಶ್ರೀಲಂಕಾದಲ್ಲಿ ಭಾರತದ ಎದುರೇ ತೀರ್ಪು ಮರುಪರಿಶೀಲನೆಯ ಪದ್ಧತಿಯನ್ನು ಟೆಸ್ಟಿನಲ್ಲಿ ಮೊದಲು ಪ್ರಯೋಗಿಸಿದರು. ನಮಗದು ಹಿಡಿಸಲಿಲ್ಲ, ದ್ವಿಪಕ್ಷೀಯ ಟೆಸ್ಟ್ ಸರಣಿಗಳಲ್ಲಿ ಅದನ್ನು ಮತ್ತೆ ಪೂರ್ಣರೂಪದಲ್ಲಿ ಒಪ್ಪಿಕೊಂಡದ್ದು 2016ರಲ್ಲಿ, ಕುಂಬ್ಳೆ ತಂಡದ ತರಬೇತುದಾರರಾಗಿದ್ದಾಗ. ಇಂದು ಸಿಡ್ನಿಯಂಥ ಪ್ರಮಾದಗಳು ವಿರಳ. ಆದರೆ ಗದ್ದೆಬಯಲಿಗೆ ಯಾವ ಕ್ಯಾಮೆರಾವೂ ಬರುವುದಿಲ್ಲ. ಅಲ್ಲಿ ಇರುವುದು ಆಡುವವನ ಮತ್ತು ತೀರ್ಪು ಕೊಡುವವನ ಮನಸ್ಸಾಕ್ಷಿ ಮಾತ್ರ.

ಹಾಗೆಂದಾಗಲೆಲ್ಲ ನನಗೆ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ನೆನಪಾಗುತ್ತಾರೆ. 1980ರ ಮುಂಬೈ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ತೀರ್ಪಿತ್ತಾಗ, ಅದು ತಪ್ಪೆಂದು ಮನಗಂಡ ನಾಯಕ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅಂಪೈರ್ ತಪ್ಪು ನಮ್ಮ ಪರವಾಗಿದ್ದಾಗ ಅದನ್ನು ತಿದ್ದಿ, ಅದರ ಬೆಲೆಯನ್ನೂ ತೆತ್ತ ನಾಯಕ ಅವರು.

ನಾನು ವಿಶ್ವನಾಥ್ ಆಗಲಿಲ್ಲ. ಕೆ.ಆರ್. ನಗರದ ಬಳಿ ನಡೆದ ಒಂದು ಫೈನಲ್‌ನಲ್ಲಿ ನಮ್ಮ ತಂಡದ ಎದುರಾಳಿ ಎಚ್.ಡಿ. ಕೋಟೆ ಕಡೆಯ ಹುಡುಗರು. ಅವರಲ್ಲೊಬ್ಬ ಸಣಕಲ ಬೌಲರ್, ಬರಿಗಾಲಿನಲ್ಲಿ ಓಡಿಬಂದು ನಮ್ಮ ನಾಲ್ವರನ್ನು ಕೆಡವಿದ್ದ. ಅಷ್ಟು ವೇಗವನ್ನು ನಾಲ್ಕು ತಾಲ್ಲೂಕುಗಳಲ್ಲಿ ನಾನು ಕಂಡಿರಲಿಲ್ಲ. ಕೊನೆಯ ಓವರಿನಲ್ಲಿ ತನ್ನದೇ ಎಸೆತವನ್ನು ತಾನೇ ಹೆಕ್ಕಿ ಅವನು ವಿಕೆಟ್‌ಗೆ ಹೊಡೆದಾಗ ನಮ್ಮವನು ಗೆರೆಯಿಂದ ಒಂದು ಗೇಣು ಹೊರಗಿದ್ದ. ಅಂಪೈರ್ ಆಗಿ ನಿಂತಿದ್ದವನು ನಾನು. ಬೆರಳೆತ್ತಲಿಲ್ಲ. ಹುಡುಗ ನನ್ನತ್ತ ಒಮ್ಮೆ ನೋಡಿ, ಮಾತಾಡದೆ ಬೌಲಿಂಗ್ ಗುರುತಿಗೆ ಮರಳಿದ. ನಾವು ಗೆದ್ದೆವು.

ವರ್ಷಗಳ ಬಳಿಕ ಹುಣಸೂರು ಬಸ್ ನಿಲ್ದಾಣದಲ್ಲಿ, ಮಗುವನ್ನೆತ್ತಿಕೊಂಡಿದ್ದವನೊಬ್ಬ ಎದುರು ಬಂದು ನಿಂತ. "ಅಣ್ಣಾ, ಅವತ್ತು ಅವ್ನು ಔಟಾಗಿದ್ದ ಅಲ್ವಾ?"

"ಔಟಾಗಿದ್ದ ಕಣಪ್ಪ" ಎಂದೆ.

"ಸರಿ ಬಿಡಣ್ಣ. ನನ್ ಕಣ್ಣೇ ಮೋಸ ಮಾಡ್ತೇನೋ ಅಂದ್ಕೊಂಡಿದ್ದೆ" ಎಂದು ನಕ್ಕು ಕೋಟೆಯ ಬಸ್ಸು ಹತ್ತಿದ.

ಬಕ್ನರ್ ಅವರನ್ನು ನಾನು ಅಂದಿನಿಂದ ಬಯ್ದಿಲ್ಲ. ಅವರು ಕಾಣದೆ ತಪ್ಪಿದರು. ನಾನು ಕಂಡೂ ತಪ್ಪಿದೆ.