ಗುಡುಗಿನ ಲೆಕ್ಕ ಮ್ಯಾಗ್ನೆಟಾರ್‌ಗೆ ಒಗ್ಗುವುದಿಲ್ಲ

ಸಕಲೇಶಪುರ, ಆಲೂರು ಕಡೆಯ ಮಕ್ಕಳಿಗೆ ಮಿಂಚು ಗುಡುಗಿನ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಫಿಗೆ ಹೂಮಳೆ ಬರುವ ದಿನಗಳಲ್ಲಿ ಮಿಂಚು ಕಂಡೊಡನೆ ಎಣಿಸತೊಡಗಿ, 3 ಸೆಕೆಂಡಿಗೆ 1 ಕಿ.ಮೀ.ನಂತೆ ದೂರ ಹೇಳಿಬಿಡುತ್ತಾರೆ. ಆದರೆ ಶಬ್ದದ ಪಾಠದಲ್ಲಿ ನೆರವಾಗುವ ಈ ತಿಳಿವಳಿಕೆಯೇ ಬೆಳಕಿನ ಪಾಠದಲ್ಲಿ ಅಡ್ಡ ಬರುತ್ತದೆ. ತಡವಾಗಿ ಬಂದದ್ದು ನಿಧಾನವಾಗಿ ಚಲಿಸಿರಲೇಬೇಕು ಎಂದು ಮಕ್ಕಳು ತೀರ್ಮಾನಿಸುತ್ತಾರೆ. ಹೆಚ್ಚು ಶಕ್ತಿಯ ಫೋಟಾನ್ ಹೆಚ್ಚು ವೇಗವಾಗಿ ಓಡುತ್ತದೆಯೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ. ಇದನ್ನು ಬಿಡಿಸಲು ಮ್ಯಾಗ್ನೆಟಾರ್ ಒಳ್ಳೆಯ ಉದಾಹರಣೆ.

ಮ್ಯಾಗ್ನೆಟಾರ್ ಎಂದರೆ ಅತಿ ಪ್ರಬಲ ಕಾಂತಕ್ಷೇತ್ರವುಳ್ಳ ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚಿನ ದ್ರವ್ಯರಾಶಿ ಸುಮಾರು 20 ಕಿ.ಮೀ. ವ್ಯಾಸದ ಗೋಳದಲ್ಲಿ ಅಡಗಿರುತ್ತದೆ. ಸಕಲೇಶಪುರದಿಂದ ಹೊರಟರೆ ಆಲೂರು ಸಿಗುವ ಮೊದಲೇ ಅದರ ಆಚೆ ಬದಿ ಬಂದುಬಿಡುತ್ತದೆ. ಇವು ಆಗಾಗ ಕ್ಷ-ಕಿರಣಗಳನ್ನು ಸಿಡಿಸುತ್ತವೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಮಾಹಿತಿಯಲ್ಲಿ ಎಸ್‌ಜಿಆರ್ ಜೆ1830-0645 ಎಂಬ ಮ್ಯಾಗ್ನೆಟಾರ್‌ನ 67 ಸಿಡಿತಗಳು ಸಿಕ್ಕಿವೆ. ಅವುಗಳ ಸರಾಸರಿ ಅವಧಿ ಕೇವಲ 33 ಮಿಲಿಸೆಕೆಂಡು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಈ ಅಧ್ಯಯನದಲ್ಲಿದ್ದರು. (ನಮ್ಮ ಹಾಸನದ ಎಂಸಿಎಫ್ ನೋಡಿದ ಮಕ್ಕಳು ಇದನ್ನೂ ಅಲ್ಲಿಂದಲೇ ನಡೆಸುತ್ತಾರಾ ಎಂದು ಕೇಳಿಯೇ ಕೇಳುತ್ತಾರೆ. ಇಲ್ಲ, ಹಾಸನದ್ದು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳ ಕೇಂದ್ರ. ಆಸ್ಟ್ರೋಸ್ಯಾಟ್ 650 ಕಿ.ಮೀ. ಎತ್ತರದ್ದು, ಅದರ ನಿಯಂತ್ರಣ ಬೆಂಗಳೂರಿನಿಂದ.)

ಉಪಕರಣವು ಪ್ರತಿ ಫೋಟಾನ್‌ನ ಶಕ್ತಿಯನ್ನೂ ಬಂದ ಸಮಯವನ್ನೂ ದಾಖಲಿಸುತ್ತದೆ. ಕಡಿಮೆ ಶಕ್ತಿಯವನ್ನು ಒಂದು ಸಾಲಿಗೆ, ಹೆಚ್ಚು ಶಕ್ತಿಯವನ್ನು ಇನ್ನೊಂದಕ್ಕೆ ಹಾಕಿದರೆ ಎರಡರ ಏರಿಳಿತ ಹೋಲಿಸಬಹುದು. ತರಗತಿಗಾಗಿ ಕಲ್ಪಿಸಿಕೊಂಡ ಸಂಖ್ಯೆಗಳು ಇವು. ಪ್ರತಿ ಮನೆಗೆ 5 ಮಿಲಿಸೆಕೆಂಡು:

ಹೆಚ್ಚು ಶಕ್ತಿ: 0, 1, 6, 3, 1, 0
ಕಡಿಮೆ ಶಕ್ತಿ: 0, 0, 1, 5, 3, 1

ಮೇಲೆ ಕೆಳಗಿನ ಸಂಖ್ಯೆಗಳನ್ನು ಗುಣಿಸಿ ಕೂಡಿಸಿದರೆ 24. ಕೆಳಸಾಲನ್ನು ಒಂದು ಮನೆ ಎಡಕ್ಕೆ ಸರಿಸಿದರೆ 41, ಎರಡು ಮನೆ ಸರಿಸಿದರೆ 26. ಒಂದು ಮನೆಯಲ್ಲೇ ಹೊಂದಿಕೆ ಹೆಚ್ಚು. ಅಂದರೆ ಕಡಿಮೆ ಶಕ್ತಿಯವು 5 ಮಿಲಿಸೆಕೆಂಡು ಹಿಂದೆ. ಪಟ್ಟಿಗಳನ್ನು ಕಾಗದದಲ್ಲಿ ಕತ್ತರಿಸಿ ಮಕ್ಕಳ ಕೈಯಿಂದಲೇ ಸರಿಸಿದರೆ ಒಳ್ಳೆಯದು. ಕರಿಹಲಗೆಯ ಮೇಲೆ ಇದು ಬರೀ ಲೆಕ್ಕವಾಗಿ ಉಳಿಯುತ್ತದೆ.

ನಿರ್ವಾತದಲ್ಲಿ ಎಲ್ಲ ಫೋಟಾನ್‌ಗಳ ವೇಗವೂ ಒಂದೇ. ಹಾಗಾದರೆ ಈ ಅಂತರ ಎಲ್ಲಿಯದು? ಹೊರಟಲ್ಲಿಯದೇ. ತೋಟದ ಕತ್ತಿಯನ್ನು ಕುಲುಮೆಯಿಂದ ತೆಗೆದಾಗ ಮೊದಲು ಹಳದಿಯಾಗಿ ಹೊಳೆದು, ಆರುತ್ತಾ ಕೆಂಪಾಗುತ್ತದೆ. ಬಿಸಿ ಅನಿಲವೂ ತಣಿಯುವಾಗ ಹೆಚ್ಚು ಶಕ್ತಿಯ ಕಿರಣಗಳು ಮೊದಲು ಕುಂದಿ, ಕಡಿಮೆ ಶಕ್ತಿಯವು ಉಳಿಯುತ್ತವೆ. ಇದಕ್ಕೆ ತದ್ವಿರುದ್ಧವೂ ಆಗಬಹುದು: ಬಿಸಿ ಎಲೆಕ್ಟ್ರಾನ್‌ಗಳಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆದು ಶಕ್ತಿ ಪಡೆಯುವ ಫೋಟಾನ್ ಹೊರಬರುವುದು ತಡವಾಗುತ್ತದೆ. ಹೀಗೆ ಯಾವುದು ಹಿಂದೆ ಬಿತ್ತು ಎಂಬುದು ಅಲ್ಲಿ ನಡೆದದ್ದರ ಸುಳಿವು.

ದಾರಿಯಲ್ಲಿ ತಡವಾಗುವುದೇ ಇಲ್ಲವೇ ಎಂದು ಜಾಣ ಮಕ್ಕಳು ಕೇಳುತ್ತಾರೆ. ಆಗುತ್ತದೆ, ಆದರೆ ಮುಖ್ಯವಾಗಿ ರೇಡಿಯೊ ಅಲೆಗಳಿಗೆ. ನಕ್ಷತ್ರಗಳ ನಡುವೆ ಇರುವುದು ಪೂರ್ಣ ನಿರ್ವಾತವಲ್ಲ, ಅಲ್ಲಿನ ಎಲೆಕ್ಟ್ರಾನ್‌ಗಳು ಅಲೆಯನ್ನು ನಿಧಾನಿಸುತ್ತವೆ. ಆವೃತ್ತಿ ಎರಡರಷ್ಟಾದರೆ ತಡ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. 2020ರ ಏಪ್ರಿಲ್ 28ರಂದು ಎಸ್‌ಜಿಆರ್ 1935+2154 ಎಂಬ ಮ್ಯಾಗ್ನೆಟಾರ್ ರೇಡಿಯೊ ಮತ್ತು ಕ್ಷ-ಕಿರಣ ಎರಡನ್ನೂ ಸಿಡಿಸಿತು. ಆ ದಾರಿಯಲ್ಲಿ 400 ಮೆಗಾಹರ್ಟ್ಸ್ ಅಲೆಗೆ ಆಗುವ ತಡ ಸುಮಾರು 8.6 ಸೆಕೆಂಡು, 800ಕ್ಕೆ ಸುಮಾರು 2.2. ಕ್ಷ-ಕಿರಣಕ್ಕಾದರೋ ಸೆಕೆಂಡಿನ ಕೋಟಿ ಕೋಟಿಯ ಒಂದು ಭಾಗವೂ ಇಲ್ಲ. ದಾರಿಯ ತಡವನ್ನು ಕಳೆದ ಮೇಲೂ ರೇಡಿಯೊ ಮಿಡಿತಗಳು ಕ್ಷ-ಕಿರಣಕ್ಕಿಂತ ಸುಮಾರು 6.5 ಮಿಲಿಸೆಕೆಂಡು ಮುಂದಿದ್ದವು. ಮ್ಯಾಗ್ನೆಟಾರ್‌ನ ಬಳಿ ಏನಾಯಿತು ಎಂದು ಕೇಳಬೇಕಾದದ್ದು ಈ 6.5 ಮಿಲಿಸೆಕೆಂಡನ್ನು.