ಹೆರೋದನ ಕಾಲ, ಕುರೇನ್ಯನ ಗಣತಿ

ಯೇಸುವಿನ ಜನನ ಕಥನವನ್ನು ಚರಿತ್ರೆಯ ಒರೆಗೆ ಹಚ್ಚಲು ಸಿಗುವ ಗಟ್ಟಿ ಜಾಗ ಲೂಕನ ಸುವಾರ್ತೆಯ ಜನಗಣತಿ. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ. ಹೆರೋದ ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ ಎಂಬುದು ಬಹುಪಾಲು ವಿದ್ವಾಂಸರ ನಿರ್ಣಯ. ಲೂಕನೂ ಹೆರೋದನ ಕಾಲದಿಂದಲೇ ಕಥೆ ಆರಂಭಿಸುತ್ತಾನೆ, ಆದರೆ ಜನನವನ್ನು ಸಿರಿಯದ ಅಧಿಪತಿ ಕುರೇನ್ಯನ ಗಣತಿಗೆ ಜೋಡಿಸುತ್ತಾನೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ವಿವರಿಸುವ ಆ ಗಣತಿ ನಡೆದದ್ದು ಯೂದಾಯ ರೋಮಿನ ನೇರ ಆಳ್ವಿಕೆಗೆ ಬಂದ ಕ್ರಿ.ಶ. 6ರಲ್ಲಿ. ಕುರೇನ್ಯ ಮೊದಲೂ ಒಮ್ಮೆ ಸಿರಿಯವನ್ನು ಆಳಿರಬಹುದು ಎಂಬ ಸಮಾಧಾನವಿದೆ. ಆದರೆ ಹೆರೋದನ ಕೊನೆಯ ವರ್ಷಗಳಲ್ಲಿ ಅಲ್ಲಿದ್ದವರು ಸತುರ್ನಿನಸ್, ಬಳಿಕ ವಾರಸ್. ಗಣತಿಗಾಗಿ ಮನೆಗೆ ಮರಳಿ ಎನ್ನುವ ಕ್ರಿ.ಶ. 104ರ ಆಜ್ಞೆಯೊಂದು ಈಜಿಪ್ಟಿನಲ್ಲಿ ಸಿಕ್ಕಿದೆ, ನಿಜ. ಅದು ಅವರವರ ಸ್ವಂತ ಮನೆ, ಲೂಕನಲ್ಲಿ ಗಣತಿಗಾಗಿ ಯೋಸೇಫ ಹೋಗುವ ಬೆತ್ಲೆಹೇಮಿನಂತೆ ಸಾವಿರ ವರ್ಷ ಹಿಂದಿನ ಪೂರ್ವಜನ ಊರಲ್ಲ. ತೆರಿಗೆ ಹಾಕುವವನಿಗೆ ಬೇಕಾದದ್ದು ಈಗಿನ ಹೊಲಮನೆಯ ಲೆಕ್ಕ. ಲೂಕ ಇಲ್ಲಿ ಕಾಲ ತಪ್ಪಿದ್ದಾನೆ ಎಂದೇ ನನ್ನ ತೀರ್ಮಾನ.

ಇಷ್ಟಕ್ಕೇ ಇಡೀ ಕಥನವನ್ನು ಕಟ್ಟುಕಥೆ ಎನ್ನುವ ಆತುರವನ್ನೂ ಒಪ್ಪಲಾರೆ. ಜ್ಞಾನಿಗಳು ಬರುವುದು ಮತ್ತಾಯನಲ್ಲಷ್ಟೇ, ಕುರುಬರು ಲೂಕನಲ್ಲಷ್ಟೇ, ವಂಶಾವಳಿಗಳೂ ತಾಳೆಯಾಗುವುದಿಲ್ಲ. ಹೀಗೆ ಒಬ್ಬರನ್ನೊಬ್ಬರು ನೋಡಿ ಬರೆದಂತೆ ಕಾಣದ ಇಬ್ಬರೂ ಮರಿಯ, ಯೋಸೇಫ, ಹೆರೋದನ ಕಾಲ, ನಜರೇತಿನ ಬಾಳು ಎಂಬಲ್ಲಿ ಒಂದಾಗುತ್ತಾರೆ. ಅವರಿಬ್ಬರಿಗಿಂತ ಹಳೆಯದೊಂದು ನೆನಪು ಇದರ ಹಿಂದಿರಬೇಕು. ಇಬ್ಬರೂ ಜನನಸ್ಥಳವೆನ್ನುವ ಬೆತ್ಲೆಹೇಮಿನ ಬಗ್ಗೆ ಮಾತ್ರ ಅಷ್ಟು ಖಚಿತವಾಗಿ ಹೇಳಲಾಗದು: ಅರಸನು ಅಲ್ಲಿಂದಲೇ ಬರುವನೆಂಬ ನಿರೀಕ್ಷೆಯನ್ನು ಪ್ರವಾದಿ ಮೀಕನ ಗ್ರಂಥ ಮೊದಲೇ ಬಿತ್ತಿತ್ತು.